ಎದೆ ಯಾರ ಹಿಂದೆ ಓಡುತ್ತಿದೆ

ಬೆವರಿನ ಹನಿಯೊಂದು ಕತ್ತಿನ ಹಿಂದಿನಿಂದ ಹೊರಟು ಬೆನ್ನಿನ ನಡುವಿನ ಹಳ್ಳದಲ್ಲಿ ಇಳಿಯುತ್ತಿದೆ, ಒಂದು ಮೂಳೆಯ ಮೇಲೆ ಅರೆಗಳಿಗೆ ತಡೆಯುತ್ತದೆ, ಮತ್ತೆ ಇಳಿಯುತ್ತದೆ, ಇಳಿ, ನಿನಗಾದರೂ ದಾರಿ ಗೊತ್ತಲ್ಲ, ಮರಗಟ್ಟಿಸುವ ಮದ್ದು ಕೊಡುವ ತಿವೊಂಗೆ ಮ್ಹಾಂಗೊ ಅದನ್ನು ಒರೆಸಿ ಕೈಗವಸಿನ ಹೆಬ್ಬೆರಳನ್ನು ಮೂಳೆ ಮೂಳೆಗಳ ನಡುವೆ ಒತ್ತುತ್ತಾಳೆ, ಇಲ್ಲಿ, ಅಲ್ಲ, ಇನ್ನೂ ಕೆಳಗೆ, ಇಲ್ಲಿ — ಆಪರೇಷನ್ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಹುಡುಗಿಯ ಬೆನ್ನು ಓಡಿ ಬಂದವಳ ಬೆನ್ನಿನ ಹಾಗೆ ಏರಿಳಿಯುತ್ತಿದೆ, ಎಲ್ಲಿಗೂ ಓಡಿಲ್ಲ ಇವಳು, ನಿನ್ನೆಯಿಂದ ವಾರ್ಡಿನ ಗೋಡೆಗೆ ಒರಗಿ ಕೂತೇ ಇದ್ದಾಳೆ, ಮಲಗಿಸಿದರೆ ನೀರಲ್ಲಿ ಮುಳುಗಿದವಳ ಹಾಗೆ ಕೈ ಬಡಿಯುತ್ತಾಳೆ. ಆಸಿಯಾತು, ಬೆನ್ನು ಬಗ್ಗಿಸು ತಾಯಿ, ಬೆಕ್ಕು ಬಗ್ಗಿಸೋ ಹಾಗೆ. ಬೆಕ್ಕಿಗೆ ಇಷ್ಟು ದೊಡ್ಡ ಹೊಟ್ಟೆ ಇರಲ್ಲ ಅಕ್ಕಾ. ಮಾತಾಡಬೇಡ, ಉಸಿರು ಉಳಿಸ್ಕೋ. ತಗಡಿನ ಚಾವಣಿ ಬಿಸಿಲಿಗೆ ಟಪ್ ಟಪ್ ಎನ್ನುತ್ತದೆ, ಕಿಟಕಿಯಾಚೆ ಸರೋವರದ ಕಡೆಯಿಂದ ಒಣಮೀನಿನ ವಾಸನೆ, ಬಾಗಿಲಲ್ಲಿ ಡಾಕ್ಟರ್ ಚಿಪೇಟಾ ತೊಳೆದ ಕೈಗಳನ್ನು ಎತ್ತಿ ಹಿಡಿದು ನಿಂತಿದ್ದಾನೆ, ನೀರು ಮೊಣಕೈಯಿಂದ ತೊಟ್ಟಿಕ್ಕುತ್ತಿದೆ, ಮ್ಹಾಂಗೊ ಅಕ್ಕ, ಸೂಜಿ ಚುಚ್ತಾ ಇದೀರೋ ಮೇಜಿನ ಬಟ್ಟೆಗೆ ಕಸೂತಿ ಹಾಕ್ತಾ ಇದೀರೋ, ಹೊರಗೆ ಇನ್ನೂ ಇಬ್ಬರು ಬಸುರಿಯರು ಕಾಯ್ತಿದಾರೆ — ಹಾಕುತ್ತಿದ್ದೇನೆ ಕಸೂತಿ, ಹೌದು, ಒಂದು ಹೊಲಿಗೆ ತಪ್ಪಿದರೆ ನಿನ್ನ ಕತ್ತರಿ ಹೆಣದ ಮೇಲೆ ಆಡುತ್ತದೆ ಮಹರಾಯ, ಎಂದು ಹೇಳಬೇಕಿತ್ತು, ಹೇಳಲಿಲ್ಲ, ಸ್ವಲ್ಪ ತಡೀರಿ ಡಾಕ್ಟರೇ ಎಂದಳು, ಯಾವಾಗಲೂ ಅಷ್ಟೇ, ಒಳಗೆ ಕುದಿಯುವುದು ಒಂದು, ಬಾಯಿಗೆ ಬರುವುದು ಆರಿದ ಗಂಜಿ.

ಒಂದೇ ಸೂಜಿ ಬೆನ್ನಿಗೆ ಚುಚ್ಚಿ ಮುಗಿಸಿ ಅಂತಾನೆ, ದಿನಾ ಹಾಗೇ ತಾನೆ ಮಾಡೋದು, ದಿನಾ ಹಾಗೇ ಮಾಡುವುದು ನಿಜ, ದಿನಾ ಬರುವವರ ಎದೆಯ ಬಾಗಿಲು ಸರಿಯಾಗಿ ತೆರೆಯುತ್ತದೆ, ಇವಳದ್ದು ತೆರೆಯುವುದಿಲ್ಲ, ಚಿಕ್ಕಂದಿನಲ್ಲಿ ಯಾವಾಗಲೋ ಗಂಟಲು ಕೆಟ್ಟು ಜ್ವರ ಬಂದು ಕೀಲು ಊದಿ ಹೋದದ್ದು ಎದೆಯ ಬಾಗಿಲನ್ನು ಕಚ್ಚಿ ಹೋಗಿದೆ, ಅದು ಗಟ್ಟಿಯಾಗಿ ಕಿರಿದಾಗಿದೆ, ಮಗ್ಗುಲಾಗಿ ನುಸುಳುವಷ್ಟು — ಬ್ಲಾಂಟೈರ್‌ನ ತರಬೇತಿಯಲ್ಲಿ ಮುದುಕ ಮೇಷ್ಟ್ರು ಸೀಮೆಸುಣ್ಣದಲ್ಲಿ ಹೃದಯ ಬರೆಯಲು ಹೋಗಿ ಬದನೆಕಾಯಿ ಬರೆದಿದ್ದರು, ಎಲ್ಲರೂ ನಕ್ಕಿದ್ದರು, ಅವರೂ ನಕ್ಕು ಹೇಳಿದ್ದರು, ಮಿನಿಬಸ್ಸು ಅಂದ್ಕೊಳ್ಳಿ, ಬಾಗಿಲು ಸಣ್ಣದು, ಸ್ಟಾಂಡಲ್ಲಿ ಸಾವಕಾಶ ನಿಂತ್ರೆ ಜನ ಒಬ್ಬೊಬ್ಬರೇ ಹತ್ತಿ ಬಸ್ಸು ತುಂಬತ್ತೆ, ಕಂಡಕ್ಟರು ರೈಟ್ ರೈಟ್ ಅಂತ ಬಾಗಿಲು ಬಡಿದು ಓಡಿಸಿದ್ರೆ ಖಾಲಿ ಬಸ್ಸು ಓಡತ್ತೆ, ಜನ ಎಲ್ಲ ಸ್ಟಾಂಡಲ್ಲೇ ಒತ್ತರಿಸ್ತಾರೆ, ಆ ಸ್ಟಾಂಡು ಯಾವುದು ಗೊತ್ತಾ, ಶ್ವಾಸಕೋಶ. ಹಾಗಾಗಿ ಇವಳ ಎದೆ ಓಡಬಾರದು. ಓಡಿದರೆ ಮುಳುಗುತ್ತಾಳೆ. ಒಂದೇ ಸೂಜಿಯ ಮದ್ದು ಕೊಟ್ಟರೆ ಸೊಂಟದ ಕೆಳಗಿನ ರಕ್ತನಾಳಗಳೆಲ್ಲ ಒಮ್ಮೆಗೇ ಸಡಿಲಾಗಿ ಒತ್ತಡ ಬೀಳುತ್ತದೆ, ಒತ್ತಡ ಬಿದ್ದರೆ ಎದೆ ಓಡುತ್ತದೆ, ಒತ್ತಡ ಏರಿಸಲು ಕಪಾಟಿನಲ್ಲಿ ಇರುವ ಮದ್ದು ಒಂದೇ ಬಗೆಯದು, ಅದೂ ಎದೆಯನ್ನು ಓಡಿಸುವಂಥದ್ದೇ, ಬೆಂಕಿ ಆರಿಸಲು ಸೀಮೆಎಣ್ಣೆ. ಸರಿ ಹಾಗಾದ್ರೆ ನಿದ್ದೆ ಮಾಡಿಸಿ ಅಂತಾನೆ. ನಿದ್ದೆ. ಈ ಕತ್ತು ನೋಡು, ಮಾವಿನಕಾಯಿ ನುಂಗಿ ಅರ್ಧಕ್ಕೆ ಸಿಕ್ಕಿಸಿಕೊಂಡ ಹಾಗಿದೆ ಗಳಗಂಡ, ಉಸಿರಿನ ಕೊಳವೆಯನ್ನು ಒಂದು ಬದಿಗೆ ತಳ್ಳಿ ಕೂತಿದೆ, ನಿದ್ದೆಯ ಮದ್ದು ಕೊಟ್ಟ ಕೂಡಲೇ ಗಂಟಲು ಜೋತು ಬೀಳುತ್ತದೆ, ಒಳಗೆ ಕೊಳವೆ ಇಳಿಸಲು ನನಗೆ ದಾರಿ ಸಿಗದಿದ್ದರೆ, ಕತ್ತು ಕೊಯ್ದು ದಾರಿ ಮಾಡೋಣವೆಂದರೆ ಕೊಯ್ಯಬೇಕಾದ ಜಾಗದ ಮೇಲೇ ರಕ್ತ ತುಂಬಿದ ಈ ಗಡ್ಡೆ. ಅತ್ತ ದರಿ, ಇತ್ತ ಪುಲಿ. ಮಗುವೋ ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ಕೊಯ್ಯದೆ ಅದು ಬರುವುದಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ಆಂಬುಲೆನ್ಸು ಬೆಳಿಗ್ಗೆಯೇ ಬೇರೊಬ್ಬಳನ್ನು ಹೊತ್ತು ಹೋಗಿದೆ, ಯಾವಾಗ ಬರತ್ತೆ, ಡೀಸೆಲ್ ಸಿಕ್ಕಿದಾಗ.

ಸೂಜಿಯ ಹಿಂದಿನ ಸಿರಿಂಜು ಒತ್ತಿದರೆ ಒತ್ತಿಸಿಕೊಳ್ಳುತ್ತಿಲ್ಲ, ಒಳ್ಳೆಯದು, ಒಂದು ಎಳ್ಳಷ್ಟು ಮುಂದೆ, ಇನ್ನೂ ಗಟ್ಟಿ, ಇನ್ನೊಂದು ಎಳ್ಳಷ್ಟು, ಬೆನ್ನೊಳಗಿನ ಆ ಸಂದಿಗೆ ತಲುಪಿದಾಗ ಒಮ್ಮೆಲೇ ಸಡಿಲವಾಗುತ್ತದೆ, ಬೆಣ್ಣೆಯೊಳಗೆ ಬೆರಳು ಹೋದ ಹಾಗೆ, ಒಂದು ಕೂದಲೆಳೆ ಹೆಚ್ಚಾದರೆ ಬೆನ್ನುಹುರಿಯ ಸುತ್ತಲಿನ ನೀರಿನೊಳಗೆ, ಆಗ ಎಲ್ಲ ಮುಗಿಯಿತು, ಈ ಬಗೆಯ ಸೂಜಿ ಇರುವುದೇ ಇದೊಂದು, ಹೊರದೇಶದ ತಂಡ ಬಂದು ಹೋದಾಗ ಬಿಟ್ಟುಹೋದದ್ದು, ಕಪಾಟಿನಲ್ಲಿ ಯಾರೂ ಮುಟ್ಟದೆ ಇತ್ತು, ತಾನು ಇದನ್ನು ಒಬ್ಬಳೇ ಮಾಡಿ ಎಷ್ಟು ಕಾಲವಾಯಿತು, ಕೈ ಮರೆತಿದ್ದರೆ, ಮರೆತಿಲ್ಲ, ಮರೆತಿದ್ದರೆ — ಅಕ್ಕಾ, ನನ್ನ ಮ್‌ತಿಮಾ ಓಡ್ತಿದೆ. ಗೊತ್ತು ಆಸಿಯಾತು. ಗೊತ್ತು. ಎಷ್ಟು ಸಲ ಹೇಳಿದ್ದಳಂತೆ ಇದೇ ಮಾತನ್ನು. ಇಲ್ಲಿನ ಮಾತಿನಲ್ಲಿ ಮ್‌ತಿಮಾ ಅಂದರೆ ಎದೆಯೊಳಗೆ ಬಡಿಯುವ ಮಾಂಸವೂ ಹೌದು, ಮನಸ್ಸೂ ಹೌದು, ಪ್ರೀತಿ ಕೋಪ ಸಂಕಟ ಎಲ್ಲ ಅದೇ ಮಡಕೆಯಲ್ಲಿ, ಅದಕ್ಕೇ ಇಷ್ಟೆಲ್ಲ ಆಯಿತು, ಬಸುರಿಯರ ತಪಾಸಣೆಯ ದಿನ ಮರದ ಕೆಳಗಿನ ಬೆಂಚಿನಲ್ಲಿ ಇವಳು ಮಚೆಸೊ ಸಿಸ್ಟರ್ ಮುಂದೆ ಕೂತು ಅಂದಳಂತೆ, ಅಮ್ಮಾ, ನನ್ನ ಮ್‌ತಿಮಾ ಓಡ್ತಾ ಇದೆ. ಮಚೆಸೊ ಸಿಸ್ಟರ್ ಬಾಯಿಗೆ ಬೀಗವಿಲ್ಲ, ಓಡ್ತಾ ಇದೆಯಾ, ಯಾರ ಹಿಂದೆ ಓಡ್ತಿದೆಯಮ್ಮಾ, ಗಂಡ ಗಡಿ ದಾಟಿ ಜೋನಿಗೆ ದುಡಿಯಕ್ಕೆ ಹೋಗಿ ಕೂತಿದಾನೆ ಅಂತ ಇನ್ಯಾವನ ಹಿಂದೆ. ಬೆಂಚಿಗೆ ಬೆಂಚೇ ನಕ್ಕಿತಂತೆ. ಇವಳೂ ನಕ್ಕಳಂತೆ. ಬೆಳಿಗ್ಗೆ ವಾರ್ಡಿನಲ್ಲಿ ಅದನ್ನು ಹೇಳುವಾಗಲೂ ನಕ್ಕಳು, ಉಸಿರು ಸಾಲದೆ ನಗು ಅರ್ಧಕ್ಕೆ ನಿಂತಿತು. ಇನ್ನೊಂದು ಸಲ ಹೋದಾಗ ಮ್‌ತಿಮಾ ಭಾರ ಅಂದಳು, ಗಂಡನ್ನ ನೆನೆಸ್ಕೊಂಡು ಅಳಬೇಡ, ಕಾಸು ಕಳಿಸ್ತಾನೆ ಅಂದರು. ಮತ್ತೊಂದು ಸಲ ರಾತ್ರಿ ಮಲಗಕ್ಕೆ ಆಗಲ್ಲ ಅಂದಳು, ಆ ಗಡ್ಡೆ ಇದೆಯಲ್ಲ ಅದಕ್ಕೆ, ಎರಡು ದಿಂಬು ಹಾಕ್ಕೋ ಅಂದರು, ಕೊನೆಗೆ ಎಲ್ಲದಕ್ಕೂ ಒಂದೇ ಮದ್ದು, ಲೆಜಾ ಮ್‌ತಿಮಾ, ಎದೆಯನ್ನ ಮೆತ್ತಗಿಟ್ಟುಕೋ, ತಾಳ್ಮೆ ತಗೋ ಮಗಳೇ, ಬಸುರಿಯರಿಗೆ ಇದೆಲ್ಲ ಇದ್ದದ್ದೇ. ತಾಳ್ಮೆ ತಗೊಂಡಳು. ಸಾಯುವಷ್ಟು ತಾಳ್ಮೆ ತಗೊಂಡಳು.

ಸಡಿಲವಾಯಿತು. ಅಯ್ಯೋ ದೇವರೇ, ಸಡಿಲವಾಯಿತು, ಬೆಣ್ಣೆ, ಅಲುಗಬೇಡ ಅಲುಗಬೇಡ ಆಸಿಯಾತು, ಕಲ್ಲಾಗು, ಸಿರಿಂಜು ತೆಗೆದು ನೋಡುತ್ತಾಳೆ, ನೀರು ಬರುತ್ತಿಲ್ಲ, ರಕ್ತ ಬರುತ್ತಿಲ್ಲ, ಮತ್ತೆ ನೋಡುತ್ತಾಳೆ, ಸೂಜಿಯೊಳಗಿಂದ ದಾರದಂಥ ಕೊಳವೆ ಇಳಿಸಿ ಸೂಜಿ ಎಳೆದು ಕೊಳವೆಯನ್ನು ಬೆನ್ನಿಗೆ ಅಂಟಿಸುತ್ತಾಳೆ, ಅಂಟು ಬೆವರಿಗೆ ಹಿಡಿಯುತ್ತಿಲ್ಲ, ಇನ್ನೊಂದು ಪಟ್ಟಿ, ಮತ್ತೊಂದು, ಮುಗೀತಾ ಎಂದು ಚಿಪೇಟಾ, ಈಗ ಶುರುವಾಯ್ತು ಡಾಕ್ಟರೇ. ತಮಾಷೆಯಲ್ಲ, ನಿಜವಾಗಿಯೂ ಈಗಲೇ ಶುರು, ಈ ಕೊಳವೆಯಲ್ಲಿ ಮದ್ದನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಬಿಟ್ಟು ಕಾಯಬೇಕು, ಒತ್ತಡ ನೋಡಬೇಕು, ಮತ್ತೆ ತೊಟ್ಟು, ದೇಹಕ್ಕೆ ಗೊತ್ತೇ ಆಗದ ಹಾಗೆ ಕಳ್ಳಹೆಜ್ಜೆಯಲ್ಲಿ ಮರಗಟ್ಟಿಸಬೇಕು. ಆಸಿಯಾತುವನ್ನು ಹಿಂದಕ್ಕೆ ಒರಗಿಸುತ್ತಾಳೆ, ಮಲಗಿಸಲಿಲ್ಲ, ಬೆನ್ನ ಹಿಂದೆ ದಿಂಬು, ಮಡಚಿದ ಕಂಬಳಿ, ಅವಳು ಸೊಂಟಕ್ಕೆ ಸುತ್ತುವ ಎರಡು ಚಿತೆಂಜೆ ಬಟ್ಟೆ ಮಡಚಿ ತಲೆಯಡಿಗೆ, ಒಂದು ಬದಿಗೆ ಸ್ವಲ್ಪ ವಾಲಿಸಿ, ಮೂಗಿಗೆ ಆಮ್ಲಜನಕದ ನಳಿಗೆ, ಬೆರಳಿಗೆ ಕ್ಲಿಪ್ಪು, ಬೀಪು ಶುರುವಾಗುತ್ತದೆ ಬೀ ಬೀ ಬೀ ಬೇಗ ಬೇಗ, ಏನಿದು, ಕುರ್ಚೀಲಿ ಕೂತವಳ ಹೊಟ್ಟೆ ಕೊಯ್ಬೇಕಾ ನಾನು, ಜೊತೆಗೆ ಒಂದು ಲೋಟ ಟೀನೂ ಕೊಡಿ ಅವಳಿಗೆ. ಚಿಪೇಟಾ ಕೆಟ್ಟವನಲ್ಲ. ಕೈ ಚುರುಕು, ನಿದ್ದೆಗೆಟ್ಟವನು, ಹೊರಗೆ ಇಬ್ಬರು ಕಾಯುತ್ತಿರುವುದೂ ನಿಜ, ಅವರಲ್ಲೊಬ್ಬಳಿಗೆ ಏನಾದರೂ ಆದರೆ ಅದೂ ಈ ತೊಟ್ಟುಗಳ ಲೆಕ್ಕಕ್ಕೇ ಬರುತ್ತದಲ್ಲವೇ, ತಾನು ಹೆಚ್ಚು ನಿಧಾನ ಮಾಡುತ್ತಿದ್ದೇನೆಯೇ, ಇಲ್ಲ, ಇರಬಹುದು, ಒಂದು ತೊಟ್ಟು, ಕಾಯಿ.

ಕಾಯುವಾಗ ಕಣ್ಣು ಅಲ್ಲಿಗೇ ಹೋಗುತ್ತದೆ. ಎದೆಯ ಬಟ್ಟೆ ಒಂದು ಬದಿ ಸರಿದಿದೆ, ಎಡ ಮೊಲೆಯ ಕೆಳಗೆ, ಪಕ್ಕೆಲುಬಿನ ಮೇಲೆ, ಮೂರು ಗೀರು. ಸಣ್ಣ ಗೀರುಗಳು, ಒತ್ತೊತ್ತಾಗಿ, ಕಪ್ಪಗೆ ಉಬ್ಬಿ ಮಾಗಿದವು, ನಾಟಿ ವೈದ್ಯ ಬ್ಲೇಡಿನಿಂದ ಗೀರಿ ಬೂದಿ ತುಂಬಿದವು, ಊರಲ್ಲಿ ಯಾರ ಮೈಮೇಲಿಲ್ಲ ಅವು, ತಲೆನೋವಿಗೆ ಹಣೆಯ ಮೇಲೆ, ಕಾಲುನೋವಿಗೆ ಮೊಣಕಾಲ ಮೇಲೆ, ತಿವೊಂಗೆಯ ಸ್ವಂತ ಹುಬ್ಬಿನ ಪಕ್ಕವೂ ಒಂದಿದೆ. ಬೆಳಿಗ್ಗೆ ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಲ್ಲಿ ಇಡಲು ಹೋದಾಗ ಗೀರುಗಳು ಮೊದಲು ಕಂಡವು, ಕುಣಿಯುತ್ತಿದ್ದವು, ಒಳಗಿನ ಬಡಿತಕ್ಕೆ ಚರ್ಮದ ಮೇಲೆ ಮೂರು ಗೀರುಗಳು ಒಟ್ಟಿಗೆ ಎದ್ದು ಬೀಳುತ್ತಿದ್ದವು, ಬಿಲ್ಲೆ ಇಟ್ಟಳು, ಕಿವಿಯೊಳಗೆ ದೂರದ ಜೋಳದ ಗಿರಣಿ, ಗುರು ಗುರು ಗುರು, ಬಡಿತ ಬಡಿತದ ನಡುವೆ ರಕ್ತ ಕಿರಿದಾದ ಬಾಗಿಲಲ್ಲಿ ಉಜ್ಜಿಕೊಂಡು ಹೋಗುವ ಸದ್ದು. ಇದು ಯಾರು ಮಾಡಿದ್ದು ಆಸಿಯಾತು. ಅಜ್ಜಿ ಕರ್ಕೊಂಡು ಹೋಗಿದ್ಲು, ಮ್‌ತಿಮಾ ನೋವು ಅಂದೆ, ಅವನು ಎಲ್ಲಿ ಅಂತ ಕೇಳ್ದ, ಇಲ್ಲಿ ಅಂತ ತೋರಿಸ್ದೆ. ಎಲ್ಲಿ ಅಂತ ಕೇಳಿದನಂತೆ. ಗೀರಿದ, ಬೂದಿ ತುಂಬಿದ, ಕೋಳಿ ತಗೊಂಡ, ಏನೂ ಆಗಲಿಲ್ಲ, ಬೂದಿಯಿಂದ ಏನಾಗುತ್ತದೆ ಮಣ್ಣು, ಅವನ ಮೇಲೂ ಸಿಟ್ಟು ಬರುತ್ತದೆ, ಎಲ್ಲರ ಮೇಲೂ ಬರುತ್ತದೆ, ಬ್ಲೇಡು ಇಡಲು ಜಾಗ ಸಿಕ್ಕಿತು, ಬಸುರಿನ ಉದ್ದಕ್ಕೂ ಹೊಟ್ಟೆ ಅಳೆದ ಯಾರಿಗೂ ಕಿವಿ ಇಡಲು ಆ ಜಾಗ ಸಿಗಲಿಲ್ಲ, ಒಂದು ಗೇಣು ಮೇಲಕ್ಕೆ, ಒಂದೇ ಒಂದು ಗೇಣು, ಮ್‌ತಿಮಾ ಅಂದಳಲ್ಲ ಹುಡುಗಿ, ಮ್‌ತಿಮಾ ಅಂದರೆ ಮ್‌ತಿಮಾವೇ ಇರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಹೆಂಗಸು ಎದೆ ಅಂದರೆ ಗಂಡ. ಅದೇ ಗಂಡಸು ಎದೆ ಅಂದಿದ್ದರೆ ಯಂತ್ರಕ್ಕೆ ತಂತಿ ಸಿಕ್ಕಿಸುತ್ತಿದ್ದರು. ತಿವೊಂಗೆಗೆ ಎದೆ ಬೇಯುತ್ತದೆ, ಕೋಪಕ್ಕೆ ಇವರ ಮಾತೂ ಅದೇ, ಕುಪ್ಸಾ ಮ್‌ತಿಮಾ, ಸುಟ್ಟರೂ ಬೆಂದರೂ ಹಣ್ಣಾದರೂ ಒಂದೇ ಕುಪ್ಸಾ, ಬೇಯಲಿ, ಹಣ್ಣಾಗಲಿ, ಯಾರು ತಿನ್ನುತ್ತಾರೆ ಇದನ್ನು — ಸ್ಪಿರಿಟ್ಟಿನ ಹತ್ತಿಯನ್ನು ಹೊಟ್ಟೆಗೆ ಮುಟ್ಟಿಸುತ್ತಾಳೆ, ತಣ್ಣಗಿದೆಯಾ, ಇಲ್ಲ ಅಕ್ಕಾ, ಇಲ್ಲಿ, ಇಲ್ಲ, ಇಲ್ಲಿ, ಸ್ವಲ್ಪ. ಆ ಗೀರುಗಳವರೆಗೆ ಮರಗಟ್ಟಬೇಕು, ಅದಕ್ಕಿಂತ ಬಹಳ ಮೇಲೆ ಹೋಗಬಾರದು. ಇನ್ನೊಂದು ತೊಟ್ಟು. ಬೀ ಬೀ ಬೀ. ಒತ್ತಡ ಬಿದ್ದಿಲ್ಲ. ಬೀಳಬೇಡ. ಗೀರಿನ ಮೇಲೆ ಹತ್ತಿ ಇಡುತ್ತಾಳೆ, ಈಗ, ಗೊತ್ತಾಗ್ತಿಲ್ಲ ಅಕ್ಕಾ, ಕೈ ಬೆರಳು ಜೋಮು ಹಿಡಿದಿದೆಯಾ, ಇಲ್ಲ, ನನ್ನ ಕೈ ಹಿಸುಕು ನೋಡೋಣ, ಹಿಸುಕುತ್ತಾಳೆ, ಅಬ್ಬ ಏನು ಹಿಡಿತ, ದೋಣಿ ಎಳೆಯುವವಳ ಹಿಡಿತ. ಡಾಕ್ಟರೇ, ಈಗ ಕೊಯ್ಯಿರಿ. ಮೇಲಿನಿಂದ ಅಪ್ಪಣೆ ಬಂತಪ್ಪ ಎಂದ ಚಿಪೇಟಾ.

ಹಸಿರು ಬಟ್ಟೆಯ ಪರದೆಯಾಚೆ ಅವನ ಕೈಗಳು, ಈಚೆ ಹುಡುಗಿಯ ಮುಖ, ನಡುವೆ ತಾನು, ಯಾವಾಗಲೂ ನಡುವೆ. ಅಕ್ಕಾ, ಅವರು ಶುರು ಮಾಡಿದ್ರಾ. ಮಾಡಿದ್ರು. ನಂಗೆ ಯಾರೋ ಹಿಟ್ಟು ನಾದಿದ ಹಾಗೆ ಆಗ್ತಿದೆ. ಅಷ್ಟೇ ಆಗಬೇಕು. ಮಚೆಸೊ ಸಿಸ್ಟರ್ ಮಗುವನ್ನು ಹಿಡಿಯಲು ಬೆಚ್ಚನೆಯ ಬಟ್ಟೆ ಹೊತ್ತು ನಿಂತಿದ್ದಾಳೆ, ಏನೂ ಆಗಿಲ್ಲವೆಂಬಂತೆ, ದಪ್ಪ ತೋಳು, ನಗುವ ಕಣ್ಣು, ಊರಿನ ಅರ್ಧ ಮಕ್ಕಳು ಆ ತೋಳಿನಲ್ಲೇ ಮೊದಲು ಅತ್ತವರು, ಏ ಉತ್ತರದವಳೇ, ಮುಖ ಯಾಕೆ ಹಾಗೆ ಗಂಟು, ಮಗು ನಿನ್ನ ನೋಡಿ ವಾಪಸ್ ಒಳಗೆ ಹೋದೀತು. ತಿವೊಂಗೆ ಉತ್ತರದ ಗುಡ್ಡದವಳು, ಹತ್ತು ವರ್ಷವಾದರೂ ಈ ಸರೋವರದ ದಡದಲ್ಲಿ ಉತ್ತರದವಳೇ, ಹೇಳಿಬಿಡಲೇ ಈಗ, ಇವಳ ಎದೆ ಯಾರ ಹಿಂದೆ ಓಡ್ತಿತ್ತು ಅಂತ ಗೊತ್ತಾ ಸಿಸ್ಟರ್, ಸಾವಿನ ಹಿಂದೆ — ನಾಲಿಗೆಯ ತುದಿಯಲ್ಲಿದೆ, ಆದರೆ ಆಸಿಯಾತು ಎಚ್ಚರವಿದ್ದಾಳೆ, ಕೇಳಿಸಿಕೊಂಡರೆ ಎದೆ ಓಡುತ್ತದೆ, ನುಂಗಿದಳು. ನುಂಗುವಾಗ ಮರದ ಕೆಳಗಿನ ಸಾಲೂ ಕಣ್ಣಿಗೆ ಬರುತ್ತದೆ, ಒಬ್ಬಳೇ ಮಚೆಸೊ, ಬೆಳಗಿನಿಂದ ಬಿಸಿಲಿಳಿಯುವವರೆಗೆ ಮುಗಿಯದ ಹೊಟ್ಟೆಗಳು, ನಗಿಸದಿದ್ದರೆ ಅವಳೇ ಅತ್ತುಬಿಡುತ್ತಿದ್ದಳೇನೋ, ಇರಲಿ, ಅದಕ್ಕೆ, ಸಾಯಬೇಕಾ ಜನ. ಬಂತು ಎಂದ ಚಿಪೇಟಾ, ಕಾಲು ಮೊದಲು, ನೀಲಿ ಕಾಲು, ಆಮೇಲೆ ಎಲ್ಲ, ಒಂದು ಕ್ಷಣ ಸದ್ದಿಲ್ಲ, ಆಮೇಲೆ ಹರಿದ ಬಟ್ಟೆಯಂಥ ಅಳು, ಮಚೆಸೊ ನಾಲಗೆ ಆಡಿಸಿ ಉಲುಲು ಹಾಕಿದಳು, ಹೆಣ್ಣು! ಹೆಣ್ಣಮ್ಮಾ ಆಸಿಯಾತು! ಆಸಿಯಾತುವಿನ ಕಣ್ಣಿನಿಂದ ನೀರು ಕಿವಿಗೆ ಇಳಿಯಿತು. ಕೊಡಿ ಅಕ್ಕ ಬಿಗಿಯೋ ಮದ್ದು, ಬೇಗ, ರಕ್ತ ಬರ್ತಿದೆ — ತಿವೊಂಗೆಯ ಕೈ ತಾನಾಗಿ ಸಿರಿಂಜಿನ ಮೇಲೆ ಹೋಗಿತ್ತು, ದಿನಾ ಹೋಗುವ ಕೈ, ಮಗು ಅತ್ತ ಕೂಡಲೇ ಒತ್ತುವ ಹೆಬ್ಬೆರಳು, ಗರ್ಭಕೋಶ ಬಿಗಿಯುವ ಮದ್ದನ್ನು ಒಮ್ಮೆಗೇ ಒಳಗೆ ತಳ್ಳುವುದು ಈ ಕೋಣೆಯ ಅಭ್ಯಾಸ, ಇವಳಿಗೆ ಹಾಗೆ ತಳ್ಳಿದರೆ ಬಸ್‌ಸ್ಟಾಂಡಿಗೆ ಒಂದು ಊರೇ ನುಗ್ಗಿದ ಹಾಗೆ, ಹೆಬ್ಬೆರಳನ್ನು ಬಿಸಿ ಪಾತ್ರೆಯಿಂದ ಎಳೆದ ಹಾಗೆ ಎಳೆದುಕೊಂಡಳು, ಬಾಟಲಿಯ ನೀರಿಗೆ ಸ್ವಲ್ಪ ಬೆರೆಸಿ ತೊಟ್ಟಿಕ್ಕಿಸಿದಳು, ನಿಧಾನ ಡಾಕ್ಟರೇ, ನೀವು ಕೈಯಿಂದ ಉಜ್ಜಿ, ನಿಧಾನಾನೇ ಹೋಗತ್ತೆ ಇದು. ರಕ್ತ ಬರ್ತಿದೆ ಅಂದೆ! ಬರ್ತಿದೆ, ಉಜ್ಜಿ! ತನ್ನ ಸ್ವರ ಅಷ್ಟು ಜೋರಾಗಿ ಬಂದದ್ದು ಯಾವಾಗ, ಚಿಪೇಟಾ ತಲೆಯೆತ್ತಿ ನೋಡಿದ, ಆಮೇಲೆ ಉಜ್ಜಿದ.

ನಿಂತಿತು ರಕ್ತ. ಮೂರು ಗೀರುಗಳು ಏಳುತ್ತಿವೆ ಬೀಳುತ್ತಿವೆ, ಬೇಗ, ಆದರೆ ಹತೋಟಿಯಲ್ಲಿ. ಆಗ ಆಸಿಯಾತು ಅಂದಳು, ಅಕ್ಕಾ, ಕಟ್ಟಕ್ಕೆ ಹೇಳಿ. ಬೆಳಿಗ್ಗೆ ವಾರ್ಡಿನಲ್ಲಿ ತಿವೊಂಗೆಯೇ ಹೇಳಿದ್ದಳು, ಈ ಎದೆ ಇನ್ನೊಂದು ಬಸುರು ಹೊರಲಾರದು, ಮನೆಯಲ್ಲಿ ಒಬ್ಬ ಮಗ ಇದ್ದಾನೆ, ಇದು ಎರಡನೆಯದು, ಸಾಕು, ಹೊಟ್ಟೆ ತೆರೆದಾಗಲೇ ಎರಡು ಗರ್ಭನಾಳಗಳನ್ನೂ ಕಟ್ಟಿಬಿಡಬಹುದು, ಒಂದೊಂದಕ್ಕೆ ಒಂದೊಂದು ದಾರ, ಎರಡು ದಾರ, ಮುಗಿಯಿತು, ಯೋಚಿಸು. ಯೋಚಿಸಿದ್ದಾಳೆ. ಚಿಪೇಟಾನ ಕೈ ನಿಂತಿತು. ಅವಳ ಮಾವ ಒಪ್ಪಿದಾನಾ. ಇಲ್ಲಿ ಅಕ್ಕತಂಗಿಯರು, ಅವರ ಹೆಣ್ಣುಮಕ್ಕಳು, ಮೊಮ್ಮಕ್ಕಳು, ಆ ಇಡೀ ಹಿಂಡಿಗೆ ಒಬ್ಬ ಒಡೆಯ, ಸೋದರಮಾವ, ಮದುವೆ ಅವನ ಮಾತು, ಔಷಧ ಅವನ ಮಾತು, ಇವಳ ಮಾವ ಚೆ ಬ್ವಾನಾಲಿ ಹೊರಗೆ ಮಾವಿನ ಮರದಡಿ ಟೋಪಿ ಹಾಕಿ ಕೂತಿದ್ದಾನೆ ಬೆಳಗಿನಿಂದ. ತಿವೊಂಗೆಯ ಉತ್ತರದಲ್ಲಿ ದನ ಕೊಟ್ಟ ಗಂಡನ ಮನೆಯವರು ಒಡೆಯರು, ಇಲ್ಲಿ ತಾಯಿಯ ಅಣ್ಣ ಒಡೆಯ, ಮೊದಮೊದಲು ಇಲ್ಲಿಗೆ ಬಂದಾಗ ಅಂದುಕೊಂಡಿದ್ದಳು, ಹೆಣ್ಣಿನ ಕಡೆಯಿಂದ ವಂಶ ನಡೆಯುವ ಊರು, ಇಲ್ಲಿ ಚೆನ್ನಾಗಿರಬಹುದು, ಎಂಥ ಚೆನ್ನ, ಅಲ್ಲೊಬ್ಬ ಇಲ್ಲೊಬ್ಬ, ಹೊಟ್ಟೆ ಹೊತ್ತವಳು ಮಾತ್ರ ಎಲ್ಲಿಯೂ ಒಡತಿಯಲ್ಲ. ಅವಳನ್ನೇ ಕೇಳಿ ಡಾಕ್ಟರೇ, ಎಚ್ಚರ ಇದಾಳಲ್ಲ. ಅಕ್ಕ, ನಿಮಗೆ ಗೊತ್ತಿಲ್ವಾ, ಹೋದ ಸಲ ಮಾವನ್ನ ಕೇಳದೆ ಒಬ್ಬಳಿಗೆ ಕಟ್ಟಿದ್ದಕ್ಕೆ ಊರ ಮುಖ್ಯಸ್ಥನೇ ಜನ ಕಟ್ಕೊಂಡು ಬಂದಿದ್ದ, ನಾನು ಅಡುಗೆಮನೆ ಬಾಗಿಲಿಂದ ಓಡಿದ್ದೆ. ಮಚೆಸೊ ಸಿಸ್ಟರ್, ಹೋಗಿ ಕೇಳಿ ಬನ್ನಿ, ಬೇಗ. ಮಚೆಸೊ ಮಗುವನ್ನೂ ಹೊತ್ತೇ ಹೋದಳು, ತೋರಿಸಿದಂತಾಗುತ್ತದೆ, ಖುಷಿಯಲ್ಲಿ ಹೂಂ ಅಂದಾನು ಎಂದು. ಹೊಟ್ಟೆ ತೆರೆದಿದೆ. ಎಲ್ಲರೂ ಒಬ್ಬ ಟೋಪಿಯವನ ಯೋಚನೆಗೆ ಕಾಯುತ್ತಿದ್ದಾರೆ. ಬೀ ಬೀ ಬೀ. ಮದ್ದು ಎಷ್ಟು ಹೊತ್ತು ನಿಲ್ಲತ್ತೆ ಅಕ್ಕ. ನಿಮಗೆ ಬೇಕಾದಷ್ಟು ಹೊತ್ತು. ಕೊಳವೆ ಇದೆಯಲ್ಲ, ಇನ್ನೊಂದು ತೊಟ್ಟು ಬಿಡಬಹುದು, ಬಿಡುತ್ತೇನೆ, ಕಸೂತಿ ಅಂದೆಯಲ್ಲ, ನೋಡು ಈಗ ಯಾರಿಗೆ ಅವಸರ.

ಮಚೆಸೊ ಬಂದಳು, ಮೊದಲ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ, ಹೇಳಿದಳು, ಚೆ ಬ್ವಾನಾಲಿ ಮಗೂನ ಎತ್ಕೊಂಡ್ರು, ಬಹಳ ಸಂತೋಷ ಅಂದ್ರು, ಹಿಂಡು ಬೆಳೆಯೋಕೆ ಹೆಣ್ಣು ಬಂತು, ಇದರ ಬೆನ್ನಿಗೆ ಇನ್ನೊಂದು ಹೆಣ್ಣಾಗಲಿ, ಆಮೇಲೆ ಕಟ್ಟೋ ವಿಚಾರ ನೋಡೋಣ, ಅಲ್ಲೀವರೆಗೆ ಅವಳಿಗೆ ಹೇಳಿ, ಲೆಜಾ ಮ್‌ತಿಮಾ. ಲೆಜಾ ಮ್‌ತಿಮಾ. ಹಿಂಡು ಬೆಳೆಯಬೇಕು, ಹಿಂಡಿನ ಒಂದು ಕುರಿ ಇಲ್ಲಿ ಸೀಳಿ ಬಿದ್ದಿದೆ ಕಣಯ್ಯಾ, ಒಳಗೆ ಬಂದು ಕೈ ಹಾಕಿ ನೋಡು, ಬಾ, ಟೋಪಿ ತೆಗೆದು ಬಾ — ಚಿಪೇಟಾ ಉಸಿರು ಬಿಟ್ಟ, ಸರಿ ಹಾಗಾದ್ರೆ ಮುಚ್ತೀನಿ ಎಂದ. ಪರದೆಯ ಈಚೆಯಿಂದ ಆಸಿಯಾತು ಅಂದಳು, ತುಂಡು ತುಂಡು ಉಸಿರಿನಲ್ಲಿ, ಆದರೆ ಎಲ್ಲರಿಗೂ ಕೇಳುವ ಹಾಗೆ, ಡಾಕ್ಟರೇ, ಮಾವನ ಹೊಟ್ಟೆ, ಕೊಯ್ದಾಗ, ಮಾವನ್ನ ಕೇಳಿ. ಕತ್ತರಿ ಕೊಡುತ್ತಿದ್ದ ನರ್ಸು ಮೊದಲು ನಕ್ಕಳು, ಮುಖಗವಸಿನೊಳಗೆ ಮೂಗಿನಿಂದ ಬಂದ ನಗು, ಆಮೇಲೆ ಮಚೆಸೊ, ಅವಳ ಭುಜಗಳು ಅಲುಗಿದವು, ನಗುತ್ತಿದ್ದಾಳೋ ಅಳುತ್ತಿದ್ದಾಳೋ, ಕೊನೆಗೆ ಚಿಪೇಟಾನ ಕಣ್ಣೂ ಸುಕ್ಕುಗಟ್ಟಿತು, ಆಸಿಯಾತುವೂ ನಗಲು ಹೋದಳು, ನಿದ್ದೆ ಮಾಡಿಸಿದ್ದರೆ ಈ ಮಾತು ಈ ಕೋಣೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ, ಕತ್ತಿನ ಗಡ್ಡೆಯೇ ನಿನ್ನ ನಾಲಿಗೆ ಉಳಿಸಿತಲ್ಲೇ ಹುಡುಗಿ ಎಂದುಕೊಳ್ಳುವಷ್ಟರಲ್ಲಿ ಬೀಪು ಬದಲಾಯಿತು, ಬೀಬೀಬೀಬೀಬೀ, ನಡುವೆ ತೆರಪೇ ಇಲ್ಲ, ಗೀರುಗಳು ಏಳುವುದು ಬೀಳುವುದು ಬೇರೆಯಾಗಿ ಕಾಣುತ್ತಿಲ್ಲ, ಮೂರು ಗೀರು ಸೇರಿ ಒಂದು ನಡುಕ, ಆಸಿಯಾತುವಿನ ತುಟಿಯ ಬಣ್ಣ ಹೋಗುತ್ತಿದೆ, ಗಂಟಲಲ್ಲಿ ಗುಳುಗುಳು, ಸ್ಟಾಂಡು ತುಂಬುತ್ತಿದೆ, ತಿವೊಂಗೆ ಬೆನ್ನ ಹಿಂದಿನ ಕಂಬಳಿಯನ್ನು ಇನ್ನೂ ಎತ್ತರಿಸುತ್ತಾಳೆ, ಆಮ್ಲಜನಕ ಏರಿಸುತ್ತಾಳೆ, ನೀರಿಳಿಸುವ ಮದ್ದು, ಎದೆಯ ಓಟ ತಗ್ಗಿಸುವ ಮದ್ದು ಒಂದಿಷ್ಟೇ ಇಷ್ಟು, ಹೆಚ್ಚಾದರೆ ನಿಂತೇ ಹೋಗುತ್ತದೆ, ಇಷ್ಟು, ಇನ್ನಿಷ್ಟು, ಬಾಯಿ ಆ ಹುಡುಗಿಯ ಕಿವಿಯ ಹತ್ತಿರ, ಮಾತಾಡಬೇಡ, ನಗಬೇಡ, ನನ್ನ ನೋಡು, ನಿಧಾನ, ನಿಧಾನ, ಲೆಜಾ ಮ್‌ತಿಮಾ, ಲೆಜಾ ಮ್‌ತಿಮಾ ನನ್ನವ್ವಾ — ಯಾರು ಹೇಳಿದರು ಅದನ್ನು. ತಾನೇ. ತನ್ನದೇ ಬಾಯಿ. ಅವರೆಲ್ಲರ ಮಾತು, ಬೆಂಚಿನ ಮಾತು, ಟೋಪಿಯ ಮಾತು, ಒಮ್ಮೆ ಬಾಯಿ ತೆರೆದವಳ ಬಾಯಿಗೆ ತಾನೂ ಅದನ್ನೇ ತುರುಕಿದೆನಲ್ಲ, ತನಗೂ ಬೇರೆ ಮಾತು ಗೊತ್ತಿಲ್ಲವಲ್ಲ, ಆದರೆ ತಾನು ಹೇಳಿದ್ದು ಮಾಂಸಕ್ಕೆ, ಆ ಬಡಿಯುವ ಮಾಂಸದ ಮುದ್ದೆಗೆ, ಮನಸ್ಸಿಗಲ್ಲ, ಮನಸ್ಸು ಬೇಯಲಿ, ಮನಸ್ಸು ಸುಡಲಿ ಆಸಿಯಾತು, ಬದುಕಿ ಎದ್ದು ಆ ಮರದಡಿಗೆ ಹೋಗಿ ಸುಡು, ಎದೆ ಮಾತ್ರ ನಿಲ್ಲಿಸಿ ನಿಲ್ಲಿಸಿ ಓಡಿಸು, ಒಂದೊಂದೇ ಜನ ಹತ್ತಲಿ, ನಿಲ್ಲಿಸು ಕಂಡಕ್ಟರಾ, ಬಾಗಿಲು ಬಡಿಯಬೇಡ, ಬೀಬೀಬೀಬೀ, ಮಚೆಸೊ ಯಾವಾಗಲೋ ಪಕ್ಕಕ್ಕೆ ಬಂದು ಹುಡುಗಿಯ ಇನ್ನೊಂದು ಕೈ ಹಿಡಿದಿದ್ದಾಳೆ, ಬೀಬೀ ಬೀ, ಬೀ, ನಡುವೆ ತೆರಪು ಬರುತ್ತಿದೆ, ಮೂರು ಗೀರುಗಳು ಮತ್ತೆ ಬೇರೆ ಬೇರೆಯಾಗಿ ಏಳುತ್ತಿವೆ ಬೀಳುತ್ತಿವೆ, ಪರದೆಯಾಚೆ ಚಿಪೇಟಾ ನರ್ಸಿನ ಕಡೆ ಕೈ ಚಾಚಿ ಅಂದ, ದಾರ ಕೊಡಿ, ಕಟ್ಟಕ್ಕೆ, ಎರಡು.